ನಮ್ಮ ಕಾಕಾನ ಹೆಡರ್ ಫೈಲುಗಳು

ನಿಪ್ಪಾಣಿಯಲ್ಲಿ ಸ್ವಂತ ಆಪರೇಟಿಂಗ್ ಸಿಸ್ಟಮ್ ಬರೆದ ಒಬ್ಬನೇ ಒಬ್ಬ ಮನುಷ್ಯ ನಮ್ಮ ಕಾಕಾ. ಅದನ್ನು ಬಳಸುವವನೂ ಅವನೊಬ್ಬನೇ! ಹನ್ನೊಂದು ವರ್ಷ ಬರೆದ ಮೇಲೆ ಅದೀಗ ಏನು ಮಾಡುತ್ತದೆ ಗೊತ್ತೇ? ಬಟನ್ ಒತ್ತಿದರೆ ಪರದೆಯ ಮೇಲೆ ಅಕ್ಷರ ತೋರಿಸುತ್ತದೆ. ಅಷ್ಟೇ!

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ನಿವೃತ್ತನಾದ ಈ ಬ್ರಹ್ಮಚಾರಿಗೆ ಹೆಡರ್ ಫೈಲುಗಳ ಹುಚ್ಚು. ಹೆಡರ್ ಎಂದರೆ, ಯಾವ ಕೆಲಸವನ್ನು ಯಾವ ಹೆಸರಿನಿಂದ ಕೇಳಬೇಕು ಎಂದು ತಿಳಿಸುವ ಪಟ್ಟಿ. ಕೆಲಸ ಮಾಡುವ ಕೋಡ್ ಬೇರೆ ಫೈಲಿನಲ್ಲಿ. ಪರದೆಗೊಂದು, ಕೀಬೋರ್ಡಿಗೊಂದು, ಮೆಮೊರಿಗೊಂದು ಹೆಡರ್. ವಾರಕ್ಕೊಮ್ಮೆ ಅವನ್ನೆಲ್ಲ ಹೊಸ ಫೋಲ್ಡರಿಗೆ ದಾಟಿಸಿ ಜೋಡಿಸುವುದೇ ಅವನ ಹಬ್ಬ!

ರಾಯಬಾಗದ ಮದುವೆಯೊಂದರಲ್ಲಿ ಬೀಗರು ಎರಡನೇ ಸಲ ಹುಗ್ಗಿ ಬಡಿಸಲು ಬಂದರು. ಕಾಕಾ ಎಲೆಗೆ ಅಡ್ಡ ಕೈ ಹಿಡಿದ.

"ಒಮ್ಮಿ ಸೇರಿಸಿದ್ದನ್ನ ಮತ್ತೊಮ್ಮಿ ಸೇರಿಸಬಾರದ್ರಿ. ನನ್ನ ಪ್ರತಿ ಹೆಡರಿಗೂ ಎರಡನೇ ಸಲ ಸೇರದಂಗ ಕಾವಲ ಹಾಕೇನಿ!"

"ಇದು ಹೆಡರ್ ಅಲ್ರಿ ಮಾಸ್ತರ್ರ, ಹುಗ್ಗಿ!" ಎನ್ನುತ್ತ ಬೀಗರು ಅವನ ಕೈ ಸರಿಸಿ ಸೌಟು ತುಂಬ ಸುರಿದರು. ಕಾಕಾ ಅದನ್ನೂ ತಿಂದ.

ಪಕ್ಕದ ಮನೆಯಾತ ದಿನಾ ಹಾದುಹೋಗುವಾಗ "ಕಾಯ್ ಕಾಕಾ, ಝಾಲಂ ಕಾ? ಮುಗೀತೇನು?" ಎನ್ನುತ್ತಾನೆ. ಉತ್ತರಕ್ಕೆ ಮಾತ್ರ ನಿಲ್ಲುವುದಿಲ್ಲ.

ಹೋದ ಐತವಾರ ಅವನ ಮನೆಗೆ ಹೋದಾಗ ನಾನೂ ಕೆಣಕಿದೆ. "ಕಾಕಾ, ನೀನ ಬರೀತಿ, ನೀನ ಓದ್ತಿ. ಎಲ್ಲಾ ಒಂದ ಫೈಲಿನ್ಯಾಗ ತುರುಕಿದ್ರ ಆಗಂಗಿಲ್ಲೇನು? ಇಷ್ಟೆಲ್ಲಾ ಪಟ್ಟಿ ಯಾರ ಸಲುವಾಗಿ?"

ಕಾಕಾ ನಗಲಿಲ್ಲ. "ನಾ ಒಬ್ಬನ ಆದ್ರ ಒಂದ ಫೈಲ್ ಸಾಕಪಾ. ನಾಳೆ ಯಾರರ ನನ್ನ ಜೋಡಿ ಕೆಲಸಕ್ಕ ಬಂದ್ರ? ಅವರಿಗೆ ತಿಳೀಬೇಕಲ್ಲ?"

ಪರದೆ ನೋಡಿದೆ. ಪ್ರತಿ ಹೆಡರಿನ ಮೇಲ್ಗಡೆ ಒಂದೇ ಬರಹ: 'ಹೊಸದಾಗಿ ಬಂದವರು ಮೊದಲು ಇದನ್ನು ಓದಿರಿ. ತಿಳಿಯದಿದ್ದರೆ ಕೇಳಿರಿ. ನಾನು ಮನೆಯಲ್ಲೇ ಇರುತ್ತೇನೆ.'

ಹನ್ನೊಂದು ವರ್ಷದಲ್ಲಿ ಯಾರೂ ಬಂದಿರಲಿಲ್ಲ. ನಾನು ಬರುತ್ತಿದ್ದೆ, ಅದೂ ನಕ್ಕು ಹೋಗಲಿಕ್ಕೆ. ಥೂ, ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಕುರ್ಚಿ ಎಳೆದುಕೊಂಡು ಕೂತೆ. "ಕಾಕಾ, ಈ ಮೊದಲನೇ ಸಾಲ ನನಗ ತಿಳೀವಲ್ದು. ಸ್ವಲ್ಪ ಹೇಳು."

ಕಾಕಾ ಕನ್ನಡಕ ತೆಗೆದ, ಒರೆಸಿದ, ಮತ್ತೆ ಒರೆಸಿದ. ಆಮೇಲೆ ಹೇಳತೊಡಗಿದ. ಒಂದೇ ಸಾಲಿಗೆ ಒಂದು ತಾಸು ಹಿಡಿಯಿತು! ನಾನು ಹೊರಟಾಗ ಬಾಗಿಲತನಕ ಬಂದು, ಚಿಲಕ ಹಿಡಿದುಕೊಂಡು ಕೇಳಿದ:

"ನಾಳೆ ಎರಡನೇ ಸಾಲ ನೋಡೂಣೇನು?"