ಶಾಸಕರ ಮನೆಯವರು

ಶಾಸಕರ ಕಾರು ಓಡಿಸುವವನು ನಗೆ ಪ್ರಸಂಗ ಹುಡುಕಿಕೊಂಡು ಹೋಗಬೇಕಿಲ್ಲ. ಅವು ತಾವೇ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂರುತ್ತವೆ. ನಮ್ಮ ಸಾಹೇಬರು ಹರಪನಹಳ್ಳಿ ಕಡೆಯವರು. ಒಂದೇ ಸಲ ಗೆದ್ದು, ಒಂದೇ ಸಲ ಸೋತವರು. ಅಷ್ಟೂ ವರ್ಷ ಸ್ಟೇರಿಂಗ್ ನನ್ನ ಕೈಯಲ್ಲಿತ್ತು.

ಮಣ್ಣು, ಮದುವೆ

ಸಾಹೇಬರು ಯಾರ ಮನೆಯ ಸಾವನ್ನೂ ಮದುವೆಯನ್ನೂ ತಪ್ಪಿಸುತ್ತಿರಲಿಲ್ಲ. ಒಂದು ದಿನ ಹಲವಾಗಲಿನಲ್ಲಿ ಒಬ್ಬರ ಮಣ್ಣು ಮುಗಿಸಿ ನೇರ ನಮ್ಮ ತಾಲ್ಲೂಕಿನದೇ ಅರಸೀಕೆರೆಯ ಮದುವೆಗೆ ಬಂದೆವು. ದಾರಿಯುದ್ದಕ್ಕೂ ಫೋನಿನಲ್ಲಿದ್ದರು. ಮಂಟಪ ಹತ್ತಿದವರೇ ಮದುಮಗನ ಎರಡೂ ಕೈ ಹಿಡಿದು, “ಧೈರ್ಯ ತಗೋ ತಮ್ಮಾ. ಆಗಬಾರದ್ದು ಆಗಿ ಹೋತು. ನಿನ್ನ ಹಿಂದ ನಾವೆಲ್ಲ ಅದೀವಿ” ಅಂದುಬಿಟ್ಟರು.

ಓಲಗ ನಿಂತಿತು. ಮದುಮಗನ ಅಜ್ಜ ಮಾತ್ರ ತಲೆದೂಗಿದ: “ನನ್ನ ಮದಿವ್ಯಾಗ ಇಷ್ಟು ಬಿಚ್ಚಿ ಹೇಳಾವ್ರು ಒಬ್ರೂ ಇರ್ಲಿಲ್ಲ ನೋಡ್ರಿ!”

ಟಿವಿಯಲ್ಲಿ ಸಾಹೇಬರು

ಸಾಹೇಬರ ಹೆಂಡತಿಯನ್ನು ನಾವೆಲ್ಲ ಅಕ್ಕಾರು ಅನ್ನುತ್ತಿದ್ದೆವು. ಕಾರು ಕೆಟ್ಟು ನಾನು ಊರಲ್ಲೇ ಉಳಿದಿದ್ದಾಗ, ಅವರ ಮನೆಯ ಟಿವಿಯಲ್ಲಿ ವಿಧಾನಸಭೆ ತೋರಿಸುತ್ತಿದ್ದರು. ಸುತ್ತ ಎಲ್ಲರೂ ಕೂಗಾಡುತ್ತಿದ್ದಾರೆ, ನಮ್ಮ ಸಾಹೇಬರದು ಗಾಢ ನಿದ್ದೆ. ಓಣಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು.

ಅಕ್ಕಾರು ನಗಲಿಲ್ಲ. “ಮನ್ಯಾಗಂತೂ ಮಂದಿ ಮಲಗಾಕ ಬಿಡಂಗಿಲ್ಲ. ಸೌಂಡ್ ಕಮ್ಮಿ ಮಾಡ್ರಿ, ಎದ್ದುಗಿದ್ದಾರು” ಅಂದರು.

ಏನಮ್ಮಾ ನಿನ್ನ ಕೆಲಸ?

ಬೆಳಗಾದರೆ ಅಂಗಳದ ತುಂಬ ಜನ. ಉಚ್ಚಂಗಿದುರ್ಗದವರು ನೀರಿಗೆ, ಹಡಗಲಿ ಕಡೆಯ ನೆಂಟರು ವರ್ಗಾವಣೆಗೆ. ಆ ವರ್ಷ ಅಕ್ಕಾರಿಗೆ ಹೊಟ್ಟೆನೋವು ಶುರುವಾಗಿತ್ತು. ದಾವಣಗೆರೆಗೆ ತೋರಿಸಲು ಕರೆದೊಯ್ಯಿರಿ ಅಂತ ಹೇಳಹೋದಾಗೆಲ್ಲ ಸಾಹೇಬರ ಸುತ್ತ ಹತ್ತು ಮಂದಿ. ಕೊನೆಗೊಂದು ಬೆಳಗ್ಗೆ ಅಕ್ಕಾರು ಮುಖ ಮುಚ್ಚುವಂತೆ ಸೆರಗು ಹೊದ್ದು, ಬಂದವರ ಸಾಲಿನಲ್ಲೇ ಕೂತರು. ಸರದಿ ಬಂತು. ಸಾಹೇಬರು ತಲೆ ಎತ್ತಲಿಲ್ಲ.

“ಏನಮ್ಮಾ ನಿನ್ನ ಕೆಲಸ?”

“ನಮ್ಮ ಮನಿಯವ್ರು ಕಳದ್ಹೋಗ್ಯಾರ್ರಿ. ಸ್ವಲ್ಪ ಹುಡುಕಿ ಕೊಡ್ರಿ.”

ಅಂಗಳ ಗೊಳ್ಳೆಂದಿತು. ಸಾಹೇಬರಿಗೆ ದನಿ ಗುರುತು ಸಿಗುವ ಮೊದಲೇ ರೂಢಿಯ ಮಾತು ಬಾಯಿಂದ ಜಾರಿತ್ತು: “ಆತಮ್ಮಾ, ಮುಂದಿನ ವಾರ ಬಾ.”

ಎಣಿಕೆಯ ದಿನ

ಮುಂದಿನ ವಾರ ಹೋಗಿ ತಿಂಗಳುಗಳಾದವು, ಚುನಾವಣೆ ಬಂತು. ಅಷ್ಟರಲ್ಲಿ ಬೇನೆ ಕೈಮೀರಿತ್ತು. ಹೊಸಪೇಟೆಯಲ್ಲಿ ಎಣಿಕೆ ಮುಗಿಸಿ ಸಾಹೇಬರನ್ನು ನೇರ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆ. ಹಾರ ಇಲ್ಲ, ಹಿಂದೆ ಒಂದು ಕಾರೂ ಇಲ್ಲ. ಹಗರಿಬೊಮ್ಮನಹಳ್ಳಿ ದಾಟಿದೆವು, ಕೊಟ್ಟೂರು ದಾಟಿದೆವು. ಫೋನು ಒಮ್ಮೆಯೂ ರಿಂಗಾಗಲಿಲ್ಲ.

ಹಾಸಿಗೆಯ ಪಕ್ಕ ಕೂತು ಅಕ್ಕಾರ ಕೈ ಹಿಡಿದರು.

“ಏನಾತ್ರಿ?”

“ಸೋತೆ.”

ಬತ್ತಿದ ಆ ಮುಖ ಅರಳಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. “ಹಂಗಾರ ಇನ್ನ ಮನ್ಯಾಗ ಇರ್ತೀರಿ?”

ಅಕ್ಕಾರು ಇನ್ನು ಮನೆಗೆ ಬರುವವರಲ್ಲ ಅಂತ ಡಾಕ್ಟರು ಸಾಹೇಬರಿಗೆ ಆಗಲೇ ಹೊರಗೆ ಹೇಳಿದ್ದರು. ಹಾಗೇ ಆಯಿತು, ಅದೇ ವಾರ ಹೋದರು. ಆದರೆ ಅವತ್ತು ಅಕ್ಕಾರಿಗೆ ಇನ್ನೊಂದು ವಿಷಯ ತಿಳಿಯಬೇಕಿತ್ತು.

“ಗೆದ್ದಾವಗ ಮದಿವಿ ಆಗೇತೇನ್ರಿ?”

“ಆಗೇತಿ.”

ಅಕ್ಕಾರು ನಿಟ್ಟುಸಿರು ಬಿಟ್ಟರು. “ಅಯ್ಯೋ ಪಾಪ, ಆಕಿ!”