ಗಾಡಿ ಬಿಟ್ಟ ದಿನ

ಹೆಂಡತಿ ತಟ್ಟೆಗೆ ಅಂಟಿದ್ದ ಗ್ರೀಸನ್ನು ಉಜ್ಜುತ್ತಿದ್ದಳು. ಅದರಲ್ಲಿ ನಟ್ಟು ತೊಳೆದಿದ್ದ ಗಂಡ, ಹಾಲು ಚೆಲ್ಲಿದ ಬೆಕ್ಕಿನಂತೆ ಬಾಗಿಲ ಸಂದಿಯಲ್ಲಿ ನಿಂತಿದ್ದ.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಆತ ಮನೆಯ ನಡುಕೋಣೆಯಲ್ಲಿ ಮೋಟಾರ್‌ಸೈಕಲ್ ಕಟ್ಟುತ್ತಿದ್ದ. ಅಂತಿಂಥದ್ದಲ್ಲ, ಟರ್ಬೊ. ಇಂಜಿನ್ ಉಗುಳಿದ ಹೊಗೆಯಿಂದಲೇ ಪುಟ್ಟ ಚಕ್ರವೊಂದನ್ನು ತಿರುಗಿಸಿ, ಅದರ ಬಾಯಿಗೇ ಗಾಳಿ ತುರುಕುವ ಯಂತ್ರ. ಯಾವಾಗ ಓಡುತ್ತದೆ ಎಂದು ಕೇಳಿದರೆ "ನಾಳೆ" ಎನ್ನುತ್ತಿದ್ದ. ಬೀದಿಗೆಲ್ಲ ಅವನು ನಾಳೆರಾಯ.

ಗ್ರೀಸ್ ಹೋಗಲಿಲ್ಲ. ಅವಳು ಕೈ ಒರೆಸಿಕೊಂಡಳು. "ಇವತ್ತು ಸಂಜೆ ಆ ಗಾಡಿ ಬಿಡಿ. ಇಲ್ಲಾಂದ್ರೆ ನಾನೊಬ್ಳೇ ಬಸ್ ಹತ್ತಿ ತಂಗಿ ಮನೆಗೆ ಹೋಗ್ತೀನಿ."

ಅಷ್ಟು ಹೇಳಿ ಕೆಲಸಕ್ಕೆ ಹೊರಟಳು. ನಾಳೆರಾಯ ನೆರೆಯವರಿಬ್ಬರನ್ನು ಕರೆದು ಗೋಳು ಹೇಳಿಕೊಂಡ.

"ಬಿಡಿ ಅಂದ್ರೆ ಬಿಡಬೇಕಪ್ಪಾ," ಎಂದರು ಮೇಲ್ಮನೆಯ ನಿವೃತ್ತ ಬಸ್ ಡ್ರೈವರ್. "ನನ್ನವಳು ಬೀಡಿ ಬಿಡಿ ಅಂದ್ಲು, ಬಿಟ್ಟೆ. ಈಗ ಬಿಸಿ ಊಟ ಸಿಗ್ತಿದೆ."

"ಹೆಂಡ್ತಿ ಹೋದ್ರೆ ಟರ್ಬೊ ನಿನಗೆ ಟೀ ಕಾಸುತ್ತಾ?" ಎಂದ ಪಕ್ಕದ ದರ್ಜಿ. ಅವನ ಕಣ್ಣು ಹೆಡ್‌ಲೈಟಿನ ಮೇಲಿತ್ತು.

"ಒಂದೇ ಸಲ ಸದ್ದು ಕೇಳ್ಬಿಡ್ತೀನಿ," ಎಂದು ನಾಳೆರಾಯ ಕಿಕ್ಕರ್ ಒದ್ದ. ಯಾವತ್ತೂ ಏಳದ ಇಂಜಿನ್ ಒಂದೇ ಒದೆಗೆ ಎದ್ದಿತು! ಟರ್ಬೊ ಸುಯ್ಯೆಂದು ಸಿಳ್ಳೆ ಹೊಡೆಯಿತು. ಬಗ್ಗಿ ನೋಡುತ್ತಿದ್ದ ದರ್ಜಿಯ ಕೊರಳ ಅಳತೆಪಟ್ಟಿ ಅದರ ಬಾಯಿಗೆ ಹೋಯಿತು. ಹಗ್ಗ ಎಳೆದ ಕರುವಿನಂತೆ ದರ್ಜಿಯೂ ಹಿಂದೆಯೇ ಹೋದ. ನಾಳೆರಾಯ ಇಂಜಿನ್ ಆರಿಸದಿದ್ದರೆ ಕುತ್ತಿಗೆಯೂ ಹೋಗುತ್ತಿತ್ತು.

"ನೋಡಿದ್ರಾ? ಹೆಂಗಸರು ಸುಮ್‌ಸುಮ್ನೆ ಹೇಳಲ್ಲ," ಎಂದು ಡ್ರೈವರ್ ಸ್ಪ್ಯಾನರ್ ಹಿಡಿದರು.

ಪಟ್ಟಿ ಬಿಡಿಸಲೆಂದು ದರ್ಜಿ ಟರ್ಬೊವನ್ನೇ ಸುತ್ತಿಗೆಯಿಂದ ಒಡೆದ. ಚೆಲ್ಲಿದ ಆಯಿಲ್ ಮೇಲೆ ಜಾರಿದ ಡ್ರೈವರ್ ಟ್ಯಾಂಕನ್ನು ತಬ್ಬಿಕೊಂಡೇ ಮೆಟ್ಟಿಲಿಳಿದರು. ಹೆಡ್‌ಲೈಟು ಹೊಲಿಗೆ ಯಂತ್ರದ ಮೇಲೇರಿತು, ಸೀಟು ಮೇಲ್ಮನೆಯ ಜಗುಲಿ ಸೇರಿತು. ಉಳಿದದ್ದನ್ನು ಗುಜರಿಯವನು ಹೆಣ ಎತ್ತುವಂತೆ ಎತ್ತಿಕೊಂಡು ಹೋದ. ನಾಳೆರಾಯ ಖಾಲಿ ಕೋಣೆಯಲ್ಲಿ ಕೂತು ಆಯಿಲ್ ಕಲೆಯನ್ನು ಸವರುತ್ತಿದ್ದ.

ಸಂಜೆ ಅವಳು ಬಂದಾಗ ಡ್ರೈವರ್, ದರ್ಜಿ ಇಬ್ಬರೂ ಶಭಾಷ್‌ಗಿರಿಗೆ ಬಾಗಿಲಲ್ಲೇ ಕಾದಿದ್ದರು.

"ಬಿಟ್ಟೆ ಕಣೇ," ಎಂದ ನಾಳೆರಾಯ.

ಅವಳ ಮುಖ ಅರಳಿತು. "ನಾನಿಲ್ದೇನೇ ಬಿಟ್ರಾ? ಎಲ್ಲೀವರೆಗೂ ಹೋಗಿದ್ರಿ?"

ಡ್ರೈವರ್ ಕೆಮ್ಮಿದರು. ದರ್ಜಿ ಚಪ್ಪಲಿ ಹುಡುಕತೊಡಗಿದ.

ಅವಳು ಚೀಲದಿಂದ ಎರಡು ಹೊಸ ಹೆಲ್ಮೆಟ್ ತೆಗೆದಳು. ಒಂದನ್ನು ಗಂಡನ ಕೈಗಿತ್ತಳು, ಇನ್ನೊಂದನ್ನು ತಾನೇ ತೊಟ್ಟು ಪಟ್ಟಿ ಬಿಗಿದಳು.

"ನಾನು ಹಿಂದೆ ಕೂತು ಹೋಗೋದನ್ನ ಈ ಬೀದಿಯವ್ರೆಲ್ಲ ನೋಡ್ಬೇಕು. ಗಾಡೀಲೇ ಬರ್ತೀವಿ ಅಂತ ತಂಗಿಗೂ ಹೇಳಿದೀನಿ."

ನಾಳೆರಾಯ ಹೆಲ್ಮೆಟ್ಟನ್ನು ತಿರುವಿ ತಿರುವಿ ನೋಡಿದ. ಹೆಲ್ಮೆಟ್ಟಿನೊಳಗಿಂದ ತನ್ನ ಮಾತು ಕೇಳಿಸಲಿಲ್ಲವೇನೋ ಎಂದುಕೊಂಡು ಅವಳು ಇನ್ನೂ ಜೋರಾಗಿ ಹೇಳಿದಳು:

"ರೀ, ಕತ್ತಲಾಗುತ್ತೆ. ಗಾಡಿ ತೆಗೀರಿ."