ಗುಜರಿ ಜೀಪು, ಚಾಲಕ ಸಮೇತ

ಒಂದು ಹನಿ ಡೀಸೆಲ್ ಸುಡದೆ ಇಡೀ ಬಡಾವಣೆಯನ್ನು ಕಾಯುವ ಜೀಪನ್ನು ಆರಿಸಿಕೊಟ್ಟ ಸಮಿತಿಗೆ ಅಧ್ಯಕ್ಷನಾಗಿದ್ದವನು ನಾನೇ ಎಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಇದು ಸುಳ್ಳು. ನಾನು ಆ ಸಭೆಗೆ ಕುರ್ಚಿ ಹಾಕಿದವನು. ಅದೂ ಪೂರ್ತಿ ನಿಜವಲ್ಲ. ಕುರ್ಚಿಗಳು ಮೊದಲೇ ಅಲ್ಲಿದ್ದವು, ನಾನು ಒಂದರ ಮೇಲೆ ಕೂತೆ, ಎಬ್ಬಿಸಿದರು. ಇನ್ನು ಮುಂದೆ ಹೇಳುವುದೆಲ್ಲ ಅಪ್ಪಟ ಸತ್ಯ, ಯಾಕೆಂದರೆ ಅದರಲ್ಲಿ ನಾನಿಲ್ಲ.

ಗುಡ್ಡದ ನೆತ್ತಿಯಿಂದ ಬುಡದ ಗೇಟಿನವರೆಗೆ ಹಬ್ಬಿಕೊಂಡ ಆ ಬಡಾವಣೆಯನ್ನು ಒಂದು ಖಾಸಗಿ ಭದ್ರತಾ ಸಂಸ್ಥೆ ಕಾಯುತ್ತಿತ್ತು. ಕಚೇರಿ ನೆತ್ತಿಯ ಮೇಲಿತ್ತು. ಇದ್ದದ್ದು ಒಂದೇ ಗಸ್ತು ಜೀಪು, ಅದಕ್ಕೊಬ್ಬನೇ ಚಾಲಕ. ಎಡಗಾಲು ಕ್ಲಚ್ಚಿನಿಂದ ಕದಲುವುದೇ ಇಲ್ಲವೆಂದು ಕಾವಲುಗಾರರು ಆತನಿಗೆ ಕ್ಲಚ್ಚಣ್ಣ ಎಂದು ಹೆಸರಿಟ್ಟಿದ್ದರು. ಜೀಪಿನ ಸೆಲ್ಫ್ ಸ್ಟಾರ್ಟರ್ ಸತ್ತು ಎಷ್ಟೋ ಕಾಲವಾಗಿತ್ತು. ದಿನಾ ಬೆಳಗ್ಗೆ ಕಾವಲುಗಾರರು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಜೀಪನ್ನು ತಳ್ಳುತ್ತಿದ್ದರು. ಅದು ನಾಲ್ಕು ಸಲ ಕೆಮ್ಮಿ ಎದ್ದು, ಆಮೇಲೆ ಸಂಜೆಯವರೆಗೆ ಡೀಸೆಲ್ ಕುಡಿಯುತ್ತಿತ್ತು.

ಕೊನೆಗೆ ನಿವಾಸಿಗಳ ಸಂಘದವರು, ಇಂಧನದ ಖರ್ಚು ಇಳಿಸದಿದ್ದರೆ ಬೇರೆ ಸಂಸ್ಥೆಯನ್ನು ನೋಡಿಕೊಳ್ಳುವುದಾಗಿ ಹೇಳಿದರು. ಕೂಡಲೇ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು: "ಅತಿ ಕಡಿಮೆ ಇಂಧನ ಬಳಸುವ ಗಸ್ತು ವಾಹನವನ್ನು ಪರೀಕ್ಷಾರ್ಥ ಓಟದ ಮೂಲಕ ಆಯ್ಕೆ ಮಾಡತಕ್ಕದ್ದು. ಹಳೆಯ ಜೀಪನ್ನು ಬಿಡಿಭಾಗಗಳ ಸಮೇತ ಗುಜರಿಗೆ ವಿಲೇವಾರಿ ಮಾಡತಕ್ಕದ್ದು."

ಇದರಲ್ಲಿ ಕ್ಲಚ್ಚಣ್ಣನಿಗೆ ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಆದರೆ ಆತನ ನೇಮಕವೂ ಜೀಪಿನ ಖರೀದಿಯೂ ಒಂದೇ ಆದೇಶದಲ್ಲಿ ಆಗಿದ್ದವು.

"ಸಾರ್, ನಾನೂ ಬಿಡಿಭಾಗಾನಾ?" ಎಂದು ಆತ ಮ್ಯಾನೇಜರನ್ನು ಕೇಳಿದ.

"ಛೆ ಛೆ, ಯಾರಯ್ಯಾ ಹಾಗಂದಿದ್ದು?" ಮ್ಯಾನೇಜರ್ ಕನ್ನಡಕ ಏರಿಸಿಕೊಂಡು ಆ ಹಳೆಯ ಆದೇಶವನ್ನು ಓದಿದರು. "ಸ್ಟೆಪ್ನಿ, ಜ್ಯಾಕು, ಚಾಲಕ. ಒಂದೇ ಸಾಲಿನಲ್ಲಿದೆ, ಅಷ್ಟೇ. ನೀನು ಮನಸ್ಸಿಗೆ ಹಚ್ಚಿಕೋಬೇಡ."

ಕ್ಲಚ್ಚಣ್ಣ ಮನಸ್ಸಿಗೆ ಹಚ್ಚಿಕೊಳ್ಳದೆ ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು.

"ಜೀಪಿನ ಜೊತೆ ನಿಮ್ಮನ್ನೂ ಗುಜರಿಗೆ ಹಾಕ್ತಾರಂತೆ?"

"ಹ್ಞೂಂ."

"ತೂಕದ ಮೇಲೋ, ಇಡಿಯಾಗೋ?"

"ನಿಂಗೆ ತಮಾಷೆ. ಈ ವಯಸ್ಸಿಗೆ ಬೇರೆ ಕೆಲಸ ಯಾರು ಕೊಡ್ತಾರೆ? ಮಗಳ ಓದು ಇನ್ನೂ ಮುಗಿದಿಲ್ಲ."

ಹೆಂಡತಿ ಸೊಪ್ಪು ಬದಿಗಿಟ್ಟಳು. "ಹಾಗಾದ್ರೆ ಆ ಜೀಪನ್ನೇ ಗೆಲ್ಲಿಸಿ."

"ಅದು ನಿಂತಲ್ಲೇ ಕುಡಿಯುತ್ತೆ ಕಣೇ!"

"ನೀವೂ ನಿಂತಲ್ಲೇ ನಿದ್ದೆ ಮಾಡ್ತೀರಿ. ನಾನು ಗುಜರಿಗೆ ಹಾಕಿದ್ನಾ?"

ಓಟದಲ್ಲಿ ಜೀಪಿಗೆ ಜಾಗವೇ ಇರಲಿಲ್ಲ. ಆದರೆ ಮೂವರು ಸ್ಪರ್ಧಿಗಳಿಲ್ಲದೆ ಆಯ್ಕೆ ಊರ್ಜಿತವಲ್ಲ ಎಂಬ ನಿಯಮವಿತ್ತು, ಬಂದಿದ್ದ ಹೊಸ ವಾಹನಗಳು ಎರಡೇ. ಮೂರನೆಯದಾಗಿ ಜೀಪಿನ ಹೆಸರು ಬರೆದುಕೊಂಡರು. ಓಟ ಮುಗಿದ ಕೂಡಲೇ ಹೊತ್ತೊಯ್ಯಲೆಂದು ಗುಜರಿಯವನ ಲಾರಿಯನ್ನೂ ಗೇಟಿನ ಬಳಿ ನಿಲ್ಲಿಸಿದ್ದರು. ಅದು ಸುಮ್ಮನೆ ನಿಂತೇ ಹೊಗೆ ಬಿಡುತ್ತಿತ್ತು.

ಓಟದ ಕ್ರಮ ಸರಳವಾಗಿತ್ತು. ನೆತ್ತಿಯ ಮೇಲೆ ಕಚೇರಿಯ ಮುಂದೆ ಟ್ಯಾಂಕನ್ನು ಬಾಯಿತನಕ ತುಂಬಿಸುವುದು, ಗೇಟಿಗೆ ಇಳಿದು ಬಂದಮೇಲೆ ಮತ್ತೆ ಬಾಯಿತನಕ ತುಂಬಿಸುವುದು, ಎಷ್ಟು ಹಿಡಿಯಿತೋ ಅಷ್ಟು ಖರ್ಚು. ಮೇಲಿಂದ ಕೆಳಕ್ಕೇ ಯಾಕೆಂದರೆ ಕಚೇರಿ ಮೇಲಿತ್ತು. ಮ್ಯಾನೇಜರ್, ಸಂಸ್ಥೆಯ ಲೆಕ್ಕಪತ್ರ ನೋಡುವ ಮೇಡಂ ಮೊದಲಾದ ಸಮಿತಿಯವರು ಬೆಳಗ್ಗೆಯೇ ಗೇಟಿನ ಬಳಿ ಸೇರಿದ್ದರು.

ಮೊದಲು ಬಂದದ್ದು ಬ್ಯಾಟರಿ ವಾಹನ. ಅದಕ್ಕೆ ಟ್ಯಾಂಕೇ ಇರಲಿಲ್ಲ. "ಇಂಧನ ಮಿತವ್ಯಯ ಅಳೆಯಬೇಕಾದ್ರೆ ಮೊದಲು ಇಂಧನ ಇರಬೇಕಲ್ಲ?" ಎಂದು ಲೆಕ್ಕದ ಮೇಡಂ ಕೇಳಿದರು. ಇಂಧನವನ್ನೇ ಬಳಸದ ವಾಹನ ಅದನ್ನು ಉಳಿಸುವುದಾದರೂ ಹೇಗೆಂದು ಸಮಿತಿ ಅದನ್ನು ಗೌರವಪೂರ್ವಕವಾಗಿ ಕೈಬಿಟ್ಟಿತು. ಎರಡನೆಯದು ಪುಟ್ಟ ಕಾರು. ಮಾರಾಟದವನು ಏಸಿ ಹಾಕಿಕೊಂಡು, ಕಿಟಕಿಯಿಂದ ಕೈಬೀಸುತ್ತ ಇಳಿದ. ಟ್ಯಾಂಕಿಗೆ ಒಂದು ಲೋಟದಷ್ಟು ಡೀಸೆಲ್ ಹಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಜರಿಯವನು ಹಗ್ಗ ಬಿಚ್ಚಿಟ್ಟುಕೊಂಡ.

ಕ್ಲಚ್ಚಣ್ಣ ಜೀಪು ಹತ್ತಿದ. ಕಾವಲುಗಾರರು ಅಭ್ಯಾಸಬಲದಿಂದ ಹಿಂದೆ ನಿಂತು, ಸೀಟಿ ಕಚ್ಚಿ, "ಹೋಯ್!" ಎಂದು ತಳ್ಳಿದರು. ಈಗ ಕ್ಲಚ್ ಬಿಡಬೇಕು, ಬಿಟ್ಟರೆ ಎಂಜಿನ್ ಏಳುತ್ತದೆ. ಆದರೆ ಮಗಳ ಓದು, ಹೆಂಡತಿಯ ಮಾತು, ಕೆಳಗಿನ ಲಾರಿ ಎಲ್ಲ ಒಟ್ಟಿಗೆ ನೆನಪಾಗಿ ಆತನ ಎಡಗಾಲು ಮರಗಟ್ಟಿಹೋಯಿತು. ಜೀಪು ಸದ್ದಿಲ್ಲದೆ ಇಳಿಯಿತು. ಅಂಗಡಿ ಸಾಲು ಹೋಯಿತು, ಆಟದ ಮೈದಾನ ಹೋಯಿತು, ತಿರುವಿನಲ್ಲಿ ಒಂದು ನಾಯಿ ಎದ್ದು ದಾರಿಬಿಟ್ಟು ಮತ್ತೆ ಮಲಗಿತು. ಗೇಟಿನ ಬಳಿಯ ರಸ್ತೆ ಉಬ್ಬಿಗೆ ತಡೆದು ಜೀಪು ತಾನಾಗಿಯೇ ನಿಂತಾಗ ಕ್ಲಚ್ಚಣ್ಣನ ಕಾಲು ಇನ್ನೂ ಕ್ಲಚ್ಚಿನ ಮೇಲೇ ಇತ್ತು.

ಟ್ಯಾಂಕಿಗೆ ಒಂದು ಹನಿಯೂ ಹಿಡಿಯಲಿಲ್ಲ. ಬದಲಿಗೆ, ಇಳಿಜಾರಿನಲ್ಲಿ ಮೂಗು ಕೆಳಗೆ ಮಾಡಿ ನಿಂತಿದ್ದರಿಂದ ಮುಚ್ಚಳ ತೆಗೆದ ಕೂಡಲೇ ಸ್ವಲ್ಪ ಹೊರಗೇ ಚೆಲ್ಲಿತು.

ಮ್ಯಾನೇಜರ್ ಬೆರಳಿನಿಂದ ಮುಟ್ಟಿ ಮೂಸಿ ನೋಡಿದರು. "ಡೀಸೆಲ್ಲೇ."

"ಅಂದ್ರೆ ಇದು ಬಳಸೋದಿಲ್ಲ ಅನ್ನೋದಷ್ಟೇ ಅಲ್ಲ ಸಾರ್," ಎಂದರು ಮೇಡಂ ನಿಧಾನವಾಗಿ, "ಕೊಡುತ್ತೆ."

ಜೀಪನ್ನು ಸರ್ವಾನುಮತದಿಂದ ಆಯ್ಕೆ ಮಾಡಲಾಯಿತು. ಕ್ಲಚ್ಚಣ್ಣನ ಕಣ್ಣಲ್ಲಿ ನೀರು ಬಂತು. ಹಾರ ಹಾಕಿದ ಮ್ಯಾನೇಜರ್, "ಸರಿ, ಮೇಲೆ ತಗೊಂಡು ಬಾ" ಎಂದರು.

"ಸ್ಟಾರ್ಟ್ ಮಾಡಿದ್ರೆ ಡೀಸೆಲ್ ಖರ್ಚಾಗುತ್ತೆ ಸಾರ್."

ಎಂಜಿನ್ ಎದ್ದರೆ ಆಯ್ಕೆ ಬಿದ್ದಂತೆ. ಆಯ್ಕೆ ಬಿದ್ದರೆ ಕ್ಲಚ್ಚಣ್ಣನೂ ಬಿದ್ದಂತೆ. ಆತ ಹಾರವನ್ನು ಎರಡೂ ಕೈಯಿಂದ ಹಿಡಿದುಕೊಂಡ.

ದಾರಿ ತೋರಿಸಿದವರು ಲೆಕ್ಕದ ಮೇಡಂ. ಹೇಗೂ ಬಂದು ನಿಂತಿದ್ದ ಗುಜರಿ ಲಾರಿಗೆ ಜೀಪನ್ನು ಕಟ್ಟಿ ಎಳೆಸಿದರೆ ಆ ವೆಚ್ಚ 'ಇಂಧನ'ದ ಕೆಳಗೆ ಬರುವುದಿಲ್ಲ, 'ಗುಜರಿ ಸಾಗಾಣಿಕೆ'ಯ ಕೆಳಗೆ ಬರುತ್ತದೆ. ಆ ಶೀರ್ಷಿಕೆಯ ಬಗ್ಗೆ ಸಂಘದವರ ತಕರಾರು ಇರಲಿಲ್ಲ. ಲಾರಿ ಜೀಪಿಗಿಂತ ದುಪ್ಪಟ್ಟು ಕುಡಿಯುತ್ತಿತ್ತು, ನಿಜ. ಆದರೆ ಅದು ಗಸ್ತು ವಾಹನವಲ್ಲ.

ಹೀಗೆ ಹೊಸ ಪದ್ಧತಿ ಜಾರಿಗೆ ಬಂತು. ಗಸ್ತು ಎಂದರೆ ಇಳಿಯುವುದು, ಆಮೇಲೆ ಲಾರಿ ಎಳೆದು ಮೇಲೆ ಬಿಡುವುದು, ಮತ್ತೆ ಇಳಿಯುವುದು. ಹತ್ತುವಾಗ ಜೀಪು ದಾಖಲೆಯ ಪ್ರಕಾರ ಗುಜರಿ, ಹಾಗಾಗಿ ಒಳಗೆ ಕೂತವನೂ ಸರಕು. ಸರಕಿಗೆ ಸಂಬಳ ಕೊಡುವ ನಿಯಮವಿಲ್ಲವೆಂದು ತಿಳಿದಾಗ ಕ್ಲಚ್ಚಣ್ಣ ಮತ್ತೆ ಗೋಡೆಗೆ ಮುಖ ಮಾಡಿದ.

"ಇಳಿಯುವಾಗ ನೌಕರ, ಹತ್ತುವಾಗ ಸಾಮಾನು. ಅರ್ಧ ಸಂಬಳ ಹೋಯ್ತು ಕಣೇ."

"ಸಾಮಾನು ಅಂದ್ಮೇಲೆ ಹಾನಿಯಾಗದ ಹಾಗೆ ಸಾಗಿಸೋ ಜವಾಬ್ದಾರಿ ಅವರದ್ದು ತಾನೇ? ಸಾಗಾಣಿಕೆ ಭತ್ಯೆ ಕೇಳಿ," ಎಂದಳು ಹೆಂಡತಿ. "ಸಾಮಾನು ನಿದ್ದೆ ಮಾಡಬಾರದು ಅಂತ ಎಲ್ಲಾದರೂ ಬರೆದಿದ್ಯಾ, ಅದನ್ನೂ ಕೇಳ್ಕೊಂಡು ಬನ್ನಿ."

ಎಲ್ಲೂ ಬರೆದಿರಲಿಲ್ಲ. 'ಒಡೆಯಬಹುದಾದ ಸರಕು' ಎಂದು ಭತ್ಯೆ ಮಂಜೂರಾಯಿತು. ಅದು ಕಳೆದುಹೋದ ಅರ್ಧಕ್ಕಿಂತ ಕೊಂಚ ಹೆಚ್ಚೇ ಇತ್ತು. ಅಂದಿನಿಂದ ಕ್ಲಚ್ಚಣ್ಣ ಹತ್ತುವಾಗ ಗೊರಕೆ ಹೊಡೆಯುತ್ತಾನೆ, ಇಳಿಯುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾನೆ.

ಒಂದೇ ಒಂದು ದೂರು ಬಂತು. ನಡುದಾರಿಯ ಮನೆಯ ಅಜ್ಜಿ ಕಚೇರಿಗೇ ಹತ್ತಿ ಬಂದು ಕ್ಲಚ್ಚಣ್ಣನನ್ನು ಹಿಡಿದುಕೊಂಡು, "ಕಳ್ಳ ನನ್ನ ಕುಕ್ಕರ್ ಎತ್ತಿಕೊಂಡು ಕಾಂಪೌಂಡ್ ಹಾರ್ತಿದ್ದಾನೆ, ನೀನು ಕೈಬೀಸಿಕೊಂಡು ಹೋಗ್ತಿದ್ದೀಯಲ್ಲೋ!" ಎಂದರು.

"ಬೀಸಿದ್ದು ಅವನಿಗಲ್ಲ ಅಜ್ಜಿ, ನಿಮಗೆ. ಅಲ್ಲಿ ನೆಲ ಸಮ. ಒಂದ್ಸಲ ನಿಂತ್ರೆ ಜೀಪು ಮತ್ತೆ ಹೊರಡಲ್ಲ."

"ಮತ್ತೆ ಕಳ್ಳನಿಗೆ ಏನು ಹೇಳ್ಲಿ?"

ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಸಂಜೆಯೊಳಗೆ ಬಡಾವಣೆಯ ಕಂಬಗಳಿಗೆಲ್ಲ ಪ್ರಕಟಣೆ ಅಂಟಿಸಿದರು: "ಗಸ್ತಿನ ಸಮಯದಲ್ಲಿ ಕಂಡುಬಂದ ಕಳ್ಳರು ವಾಹನದ ಮುಂದಿನ ಇಳಿತದವರೆಗೆ ಇಳಿಜಾರು ಇರುವ ಜಾಗದಲ್ಲೇ ಕಾಯತಕ್ಕದ್ದು." ಅಜ್ಜಿಗೆ ಸಮಾಧಾನವಾಯಿತು. ತಮ್ಮ ಗೇಟಿನಿಂದ ಸ್ವಲ್ಪ ಕೆಳಗೆ, ಇಳಿಜಾರು ನೋಡಿ, ಕಳ್ಳನಿಗೆಂದು ಒಂದು ಸ್ಟೂಲನ್ನೂ ಹಾಕಿಟ್ಟರು.

ವರ್ಷದ ಕೊನೆಗೆ ಇಂಧನದ ಖರ್ಚು ಸೊನ್ನೆ ಎಂದು ಸಂಘದವರು ಸಂಸ್ಥೆಯ ಗುತ್ತಿಗೆಯನ್ನು ಮುಂದುವರಿಸಿದರು. ಕೇಂದ್ರ ಕಚೇರಿ ಈ ಪದ್ಧತಿಯನ್ನು ಎಲ್ಲ ಶಾಖೆಗಳಿಗೂ ಕಡ್ಡಾಯ ಮಾಡಿದೆ. ಬಯಲಿನಲ್ಲಿರುವ ಶಾಖೆಗಳು ತಲಾ ಒಂದೊಂದು ಗುಡ್ಡಕ್ಕೆ ಬೇಡಿಕೆ ಸಲ್ಲಿಸಿವೆ, ಅರ್ಜಿಗಳು ಪರಿಶೀಲನೆಯಲ್ಲಿವೆ. ಕ್ಲಚ್ಚಣ್ಣನ ಮಗಳ ಓದು ಸಾಂಗವಾಗಿ ನಡೆಯುತ್ತಿದೆ. ಪರೀಕ್ಷೆಯ ಅರ್ಜಿಯಲ್ಲಿ ಅಪ್ಪನ ಉದ್ಯೋಗ ಎಂಬಲ್ಲಿ ಅವಳು 'ಚಾಲಕ/ಸರಕು' ಎಂದು ಬರೆದಳು, ಯಾರೂ ಏನೂ ಕೇಳಲಿಲ್ಲ.

ಅಂದಹಾಗೆ, ನಿಮಗೆ ಕಥೆ ಹೇಳುತ್ತ ಈ ಅಂಗಡಿಯ ಚಹಾ ಕುಡಿದವನು ನಾನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಖರ್ಚು ನಿಮ್ಮ ಶೀರ್ಷಿಕೆಯ ಕೆಳಗೆ ಬಂದರೆ ನನ್ನ ಚಹಾದ ವೆಚ್ಚ ಸೊನ್ನೆಯಾಗುತ್ತದೆ, ಮೇಡಂ ಪದ್ಧತಿಯಂತೆ ಅದು ನಮ್ಮಿಬ್ಬರಿಗೂ ಉಳಿತಾಯ. ಜೇಬಿಗೆ ಸ್ವಲ್ಪ ಕೈಹಾಕಿ. ಎರಡು ಬನ್ನು ತಿಂದದ್ದನ್ನು ಬೇಕಾದರೆ ಗುಜರಿ ಸಾಗಾಣಿಕೆಗೆ ಹಾಕಿಸಿ.